ಅಂಕಪಟ್ಟಿ ಹೇಳದ ಯಶಸ್ಸು

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಬಂತು?’ ತೊಂಬತ್ತು ಬಂದವನಿಗೆ ತೊಂಬತ್ತೈದರ ಚಿಂತೆ. ಅರವತ್ತು ಬಂದವನು ನೆಂಟರ ಮುಂದೆ ತಲೆ ಎತ್ತಲಾರ. ‘ಏನು ಕಲಿತೆ?’ ಎಂದು ಕೇಳುವವರು ಅಪರೂಪ. ಹಾಗಾದರೆ ಕಾಲೇಜು ವಿದ್ಯಾರ್ಥಿಯ ನಿಜವಾದ ಯಶಸ್ಸು ಯಾವುದು?

ನಾನು ಬಿ.ಎಸ್ಸಿ. ಓದುತ್ತಿದ್ದಾಗಿನ ಒಂದು ಪ್ರಸಂಗ ನೆನಪಾಗುತ್ತದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸರಳ ಲೋಲಕದ ಪ್ರಯೋಗ. ದಾರಕ್ಕೆ ಕಟ್ಟಿದ ಗುಂಡು ಇಪ್ಪತ್ತು ಬಾರಿ ತೂಗಾಡಲು ಹಿಡಿಯುವ ಕಾಲವನ್ನು ಅಳೆದು, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಬರಬೇಕಾದ ಉತ್ತರ ಸುಮಾರು 980 ಎಂಬುದು ಪುಸ್ತಕದಲ್ಲೇ ಇದೆ. ನಾನು ‘ಬುದ್ಧಿವಂತ’! ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್‌ಗಳನ್ನು ತುಂಬಿಸಿದೆ. ಪೂರ್ತಿ ಅಂಕ ಬಂತು.

ಪಕ್ಕದ ಮೇಜಿನ ಗೆಳೆಯನಿಗೆ ಬಂದ ಉತ್ತರ 1,085. ‘ತಿದ್ದಿಬಿಡು ಮಾರಾಯ’ ಎಂದೆ. ಅವನು ತಿದ್ದಲಿಲ್ಲ. ದಾರವನ್ನು ಮತ್ತೆ ಅಳೆದ, ಸ್ಟಾಪ್‌ವಾಚ್ ಬದಲಿಸಿದ. ಮತ್ತೆ ಅದರ ಆಸುಪಾಸಿನ ಉತ್ತರವೇ. ಮೂರನೆಯ ಸಲ ತಪ್ಪು ಸಿಕ್ಕಿತು. ಗಡಿಯಾರ ಒತ್ತುವಾಗ ‘ಸೊನ್ನೆ’ ಎನ್ನಬೇಕಾದಲ್ಲಿ ಅವನು ‘ಒಂದು’ ಎಂದು ಎಣಿಕೆ ಶುರು ಮಾಡುತ್ತಿದ್ದ. ಇಪ್ಪತ್ತು ಎಂದುಕೊಂಡದ್ದು ಹತ್ತೊಂಬತ್ತೇ ಆಂದೋಲನ! ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ, ಕಾಲದಲ್ಲಿ ಶೇಕಡಾ 5 ತಪ್ಪಿದರೆ ಉತ್ತರದಲ್ಲಿ ಶೇಕಡಾ 10ಕ್ಕೂ ಹೆಚ್ಚು ತಪ್ಪುತ್ತದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಯೋಗ ಮುಗಿದಿಲ್ಲವೆಂದು ಅವನಿಗೆ ಅಂಕ ಕಡಿಮೆಯಾಯಿತು.

ಅಂದು ಗೆದ್ದವನು ನಾನೆಂದೇ ಬೀಗಿದ್ದೆ. ಎಷ್ಟೋ ವರ್ಷಗಳ ಮೇಲೆ, ಶಿಕ್ಷಕನಾಗಿ ಅದೇ ಲೋಲಕವನ್ನು ತೂಗುಹಾಕಿದಾಗ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಪುಸ್ತಕದಲ್ಲಿರುವುದಕ್ಕಿಂತ ನಮಗೆ ಹೆಚ್ಚು ಬಂತಲ್ಲ, ಯಾಕೆ?’ ಆಗ ಕೈಹಿಡಿದದ್ದು ಗೆಳೆಯನ ತಪ್ಪು. ನನ್ನ ಪೂರ್ತಿ ಅಂಕವಲ್ಲ. ತನ್ನ ತಪ್ಪನ್ನು ಮುಚ್ಚದೆ, ತಾನೇ ಹುಡುಕಿ ತಿದ್ದಿಕೊಳ್ಳುವ ಶಕ್ತಿಯೇ ವಿದ್ಯಾರ್ಥಿಯ ಸ್ವಂತ ಗಳಿಕೆ.

ಅಂಕ ಬೇಡವೆಂದಲ್ಲ. ಸೀಟು, ನೌಕರಿಗಳಿಗೆ ಅದು ಬೇಕು. ಆದರೆ ಅಂಕವಿದ್ದರೂ ಬಾಗಿಲು ತೆರೆಯದ ಸಂದರ್ಭಗಳುಂಟು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸರ್ ಸಿ.ವಿ. ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ, ಒಂದು ವರ್ಷ ಕೆಲಸ ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಹಾಲು, ಬೇಳೆಕಾಳುಗಳ ಪ್ರೋಟೀನನ್ನು ಕುರಿತ ಆಕೆಯ ದುಡಿಮೆ ಕಂಡು ರಾಮನ್ ಮನಸ್ಸು ಬದಲಿಸಿದರು. ಮುಂದೆ ಇತರ ಹೆಣ್ಣುಮಕ್ಕಳಿಗೂ ಅಲ್ಲಿ ದಾರಿಯಾಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂದು ನಾವಿಂದು ನೆನೆಯುವುದು ಇವರನ್ನೇ. ಅಂಕಪಟ್ಟಿ ತೆರೆಯದ ಬಾಗಿಲನ್ನು ತೆರೆದದ್ದು ಕಲಿತ ವಿದ್ಯೆ ಮತ್ತು ಮಾಡಿ ತೋರಿಸಿದ ಕೆಲಸ.

ಪಾಲಕರಲ್ಲಿ ಒಂದು ಮಾತು. ಪಕ್ಕದ ಮನೆಯ ಹುಡುಗನ ಅಂಕದೊಡನೆ ನಿಮ್ಮ ಮಗಳನ್ನು ತೂಗಬೇಡಿ. ನಿನ್ನೆ ಬಾರದ ಯಾವ ವಿದ್ಯೆ ಇಂದು ಬಂತೆಂದು ಕೇಳಿ. ಅನುತ್ತೀರ್ಣನಾದ ಮಗ ಮನೆಗೆ ಬಂದಾಗ ಮೊದಲು ಊಟಕ್ಕೆ ಕೂರಿಸಿ. ಎಲ್ಲಿ ತಪ್ಪಿತೆಂದು ಆಮೇಲೆ ಜೊತೆಯಲ್ಲಿ ಕುಳಿತು ನೋಡಿ.

ವಿದ್ಯಾರ್ಥಿ ಮಿತ್ರರೇ, ಸೊನ್ನೆಯಿಂದ ಮತ್ತೆ ಎಣಿಸಲು ನಾಚಬೇಡಿ. ಲೋಲಕದ ಲೆಕ್ಕ ಸರಿಯಾಗುವುದೇ ಅಲ್ಲಿಂದ.