ಊರಿಗೆ ಮುಖ ಕಳಿಸೋಣ, ಕಾಗದ ಬೇಡ

ಭಾನುವಾರ ಬೆಳಿಗ್ಗೆ ಬುಕಿತ್ ಬಾಟೋಕ್‌ನ ಟೌನ್ ಪಾರ್ಕಿಗೆ ಹೋದರೆ ಆಗಾಗ ಕನ್ನಡ ಕಿವಿಗೆ ಬೀಳುತ್ತದೆ. 'ಸ್ವಲ್ಪ ಎಡಕ್ಕೆ ಬಾ, ಬಂಡೆ ಪೂರ್ತಿ ಬರಲಿ' ಎಂದು ಯಾರೋ ಮೊಬೈಲ್ ಹಿಡಿದು ಹೇಳುತ್ತಿರುತ್ತಾರೆ. ಹಿಂದೆ ಇದು ಕಲ್ಲುಗಣಿ. ಕಲ್ಲು ತೆಗೆದ ಹೊಂಡದಲ್ಲಿ ನೀರು ನಿಂತು ಕೆರೆಯಾಗಿದೆ, ನೀರಿನಿಂದ ಬಂಡೆ ನೆಟ್ಟಗೆ ಎದ್ದಿದೆ. ಚೀನಾದ ಗುಯಿಲಿನ್‌ನಂತೆ ಕಾಣುತ್ತದೆಂದು ಜನ ಇದಕ್ಕೆ 'ಲಿಟಲ್ ಗುಯಿಲಿನ್' ಎಂದೇ ಹೆಸರಿಟ್ಟಿದ್ದಾರೆ. ಇಲ್ಲಿ ತೆಗೆದ ಚಿತ್ರ ಮರುಕ್ಷಣವೇ ಹಾಸನಕ್ಕೋ ಹಾವೇರಿಗೋ ಹೋಗುತ್ತದೆ. ನಮಗೆ ಒಂಬತ್ತು ಗಂಟೆಯಾದರೆ ಊರಲ್ಲಿ ಆರೂವರೆ. ಅಮ್ಮ ಕಾಫಿ ಕುಡಿಯುತ್ತಾ ನೋಡಿ, 'ನೀರಿನ ಹತ್ತಿರ ಯಾಕೆ ಹೋದೆ?' ಎಂದು ಬರೆಯುತ್ತಾರೆ.

ಇಂಥ ಚಿತ್ರ ಎಷ್ಟು ಕಳಿಸಿದರೂ ನಷ್ಟವಿಲ್ಲ. ನಮಗೆ ಹೆದರಿಕೆ ಹುಟ್ಟಿಸಿದ್ದು ಬೇರೊಂದು ಚಿತ್ರ.

ಕೆಲವು ತಿಂಗಳ ಹಿಂದೆ ನಮ್ಮ ಬ್ಲಾಕಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಅರಸೀಕೆರೆ ಕಡೆಯ ಹುಡುಗನೊಬ್ಬ ಬಂದ. ಚಿಪ್ ಕಾರ್ಖಾನೆಯಲ್ಲಿ ಕೆಲಸ. ಹೊರಡುವ ಮುನ್ನ ಅವನ ಕೈಗೆ ಬಂದ ಕೆಲಸದ ಪರವಾನಗಿಯ ಪ್ರಾಥಮಿಕ ಒಪ್ಪಿಗೆ ಪತ್ರವನ್ನು ಖುಷಿಯಿಂದ ಫೋಟೊ ತೆಗೆದು ಮನೆಯ ಗ್ರೂಪಿಗೆ ಹಾಕಿದ್ದ. ಅದರಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕಂಪನಿ, ಸಂಬಳ ಎಲ್ಲವೂ ಇತ್ತು. ಚಿಕ್ಕಪ್ಪ ಅದನ್ನು ನೆಂಟರ ಗ್ರೂಪಿಗೆ ಕಳಿಸಿದರು. ಅಲ್ಲಿಂದ ಹಳೆ ವಿದ್ಯಾರ್ಥಿಗಳ ಗ್ರೂಪಿಗೆ, ಅಲ್ಲಿಂದ ಇನ್ನೆಲ್ಲಿಗೋ. ಎಲ್ಲರೂ ಕಳಿಸಿದ್ದು ಅಭಿಮಾನದಿಂದಲೇ.

ಒಂದು ರಾತ್ರಿ ಅವನ ತಂದೆಗೆ ಕರೆ ಬಂತು. ಮಾತಾಡಿದವನು ತಾನು ಪೊಲೀಸ್ ಅಧಿಕಾರಿ ಎಂದ. 'ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ' ಎಂದು ಹೇಳಿ ಮಗನ ಪಾಸ್‌ಪೋರ್ಟ್ ಸಂಖ್ಯೆ, ಕಂಪನಿಯ ಹೆಸರು, ಸಂಬಳ ಮೂರನ್ನೂ ಓದಿದ. ಪ್ರಕರಣ ಮುಚ್ಚಲು ಎರಡು ಲಕ್ಷ ಕೇಳಿದ. ಅಷ್ಟು ವಿವರ ಗೊತ್ತಿರುವವನು ಸುಳ್ಳು ಹೇಳುತ್ತಾನೆಂದು ನಿವೃತ್ತ ಮೇಷ್ಟ್ರಿಗೆ ಹೇಗೆ ಅನಿಸಬೇಕು? ಮಗನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವನು ರಾತ್ರಿ ಪಾಳಿಯಲ್ಲಿದ್ದ, ಕಾರ್ಖಾನೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ. ಮೇಷ್ಟ್ರು ದುಡ್ಡು ಹೊಂದಿಸಲು ಹೊರಟಿದ್ದರು. 'ಮೊದಲು ಅಲ್ಲಿಯವರನ್ನು ಕೇಳ್ರೀ' ಎಂದು ಹಟ ಹಿಡಿದವರು ಅವನ ತಾಯಿ. ಮಗ ಕೊಟ್ಟಿದ್ದ ನಮ್ಮ ನಂಬರಿಗೆ ಮಾಡಿದರು. ಅವನು ಸಂಜೆ ಲಿಫ್ಟಿನಲ್ಲಿ ಸಿಕ್ಕಿ, 'ಡ್ಯೂಟಿಗೆ ಹೊರಟೆ ಅಣ್ಣ' ಎಂದು ಹೇಳಿಹೋಗಿದ್ದ. ಆ ಒಂದು ಮಾತು ಎರಡು ಲಕ್ಷ ಉಳಿಸಿತು. ಚಿತ್ರ ಯಾರ ಕೈಯಿಂದ ಕಳ್ಳನ ಕೈ ಸೇರಿತು ಎಂಬುದು ಮಾತ್ರ ಕೊನೆಗೂ ಪತ್ತೆಯಾಗಲಿಲ್ಲ.

ಸಿಂಗಾಪುರದಲ್ಲಿ ವಿದೇಶಿಯರಿಗೆ 'ಫಿನ್' ಎಂಬ ಗುರುತಿನ ಸಂಖ್ಯೆ ಕೊಡುತ್ತಾರೆ. 2019ರ ಸೆಪ್ಟೆಂಬರ್ 1ರಿಂದ ಇಲ್ಲಿನ ಖಾಸಗಿ ಸಂಸ್ಥೆಗಳು ಕಾನೂನಿನ ಅಗತ್ಯವಿಲ್ಲದೆ ಅಥವಾ ವ್ಯಕ್ತಿಯ ಗುರುತು ನಿಖರವಾಗಿ ತಿಳಿಯಲೇಬೇಕಾದ ಸಂದರ್ಭವಿಲ್ಲದೆ ಆ ಸಂಖ್ಯೆ ಕೇಳುವಂತಿಲ್ಲ, ಕಾರ್ಡಿನ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಅಂಗಡಿಯವರೇ ಕೇಳಬಾರದ ಸಂಖ್ಯೆಯನ್ನು ನಾವಾಗಿಯೇ ಊರೆಲ್ಲ ಹಂಚುತ್ತೇವೆ.

ಊರಲ್ಲೂ ಪಾಠ ಕಲಿತಾಗಿದೆ. 2023ರಲ್ಲಿ ಕರ್ನಾಟಕದ ಹಲವರ ಬ್ಯಾಂಕ್ ಖಾತೆಯಿಂದ ಒಟಿಪಿಯೇ ಇಲ್ಲದೆ ಹಣ ಹೋಯಿತು. ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯನ್ನು ಕಳ್ಳರು ಬಳಸಿಕೊಂಡಿದ್ದರು. ಆಮೇಲೆ ಸರ್ಕಾರ ಅಂಥ ಪ್ರತಿಗಳಲ್ಲಿ ಆ ವಿವರ ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಕಾಗದದ ಚಿತ್ರವೂ ಕಾಗದದಷ್ಟೇ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಾವು ಲೆಕ್ಕಪತ್ರದ ಕೆಲಸದವರು. ಯಾವ ವೋಚರ್ ಯಾರ ಕೈಗೆ, ಯಾವ ಕಾರಣಕ್ಕೆ ಹೋಯಿತು ಎಂದು ಬರೆದಿಡುವುದು ನಮ್ಮ ಅಭ್ಯಾಸ. ಮನೆಯ ಚಿತ್ರಗಳಿಗೂ ಅಷ್ಟು ಲೆಕ್ಕ ಬೇಕು.

ಇಲ್ಲಿರುವವರಿಗೆ ಮೊದಲ ಮಾತು: ಒಪ್ಪಿಗೆ ಪತ್ರ, ಪಾಸ್‌ಪೋರ್ಟ್, ಪರವಾನಗಿ ಕಾರ್ಡ್, ಸಂಬಳದ ಚೀಟಿ, ಬಾಡಿಗೆ ಕರಾರು ಗ್ರೂಪಿಗೆ ಹಾಕಬೇಡಿ. ವಿಮಾನದ ಬೋರ್ಡಿಂಗ್ ಪಾಸ್ ಕೂಡ ಬೇಡ. ಅದರಲ್ಲಿರುವ ಪಿಎನ್‌ಆರ್ ಮತ್ತು ಹೆಸರು ಸಿಕ್ಕರೆ ನಿಮ್ಮ ಟಿಕೆಟ್ಟಿನ ವಿವರ ಬೇರೆಯವರೂ ತೆರೆಯಬಹುದು. ಬ್ಯಾಂಕಿಗೋ ಊರಿನ ಕಚೇರಿಗೋ ಪ್ರತಿ ಕೊಡಲೇಬೇಕಾದರೆ, ಜೆರಾಕ್ಸ್ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡವಾಗಿ ಬರೆದು, ಅದರ ಫೋಟೊವನ್ನು ಬೇಕಾದ ಒಬ್ಬರಿಗೇ ಕಳಿಸಿ. ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಸಾಕೇ ಎಂದು ವಿಚಾರಿಸಿ. ಹೆಬ್ಬೆಟ್ಟಿನ ಮೋಸ ತಡೆಯಲು ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಬಹುದು.

ಮಕ್ಕಳ ಚಿತ್ರದಲ್ಲಿ ಶಾಲೆಯ ಬ್ಯಾಡ್ಜ್, ಮನೆಯ ಬ್ಲಾಕ್ ನಂಬರ್ ಕಾಣುತ್ತಿದೆಯೇ ನೋಡಿ. ಇನ್ನೊಂದು ಸಣ್ಣ ಸಂಗತಿ: ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಅದರೊಳಗಿನ ಸ್ಥಳದ ಗುರುತು ಹೋಗುತ್ತದೆ. ಚೆನ್ನಾಗಿ ಬರಲೆಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ, ಎಲ್ಲಿ ತೆಗೆದದ್ದು ಎಂಬ ಗುರುತೂ ಜೊತೆಗೆ ಹೋಗಬಹುದು. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಟ್ಟರೆ ಆ ಚಿಂತೆಯಿಲ್ಲ.

ಊರಲ್ಲಿರುವ ಅಪ್ಪ-ಅಮ್ಮಂದಿರಲ್ಲಿ ನಮ್ಮ ಕೋರಿಕೆ ಮೂರು. ಮಕ್ಕಳು ಕಳಿಸಿದ ಚಿತ್ರವನ್ನು ಮುಂದೆ ಕಳಿಸುವ ಮುನ್ನ ಅವರನ್ನು ಒಂದು ಮಾತು ಕೇಳಿ. ಮಗ ಅಥವಾ ಮಗಳ ಜೊತೆ ಇರುವ ಒಬ್ಬಿಬ್ಬರ ನಂಬರ್ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಗೊತ್ತು ಮಾಡಿಕೊಳ್ಳಿ. ಹಳೆಯ ಹಸುವಿನ ಹೆಸರಾದರೂ ಸರಿ. ಅಪಾಯದ ಕರೆ ಬಂದರೆ ಆ ಪದ ಕೇಳಿ. ಯಾವ ದೇಶದ ಪೊಲೀಸರೂ ಪ್ರಕರಣ ಮುಚ್ಚಲು ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸಿಂಗಾಪುರದಲ್ಲಿರುವವರು ಅನುಮಾನ ಬಂದಾಗ ಕೇಳಲು 1799 ಇದೆ.

ಮೇಷ್ಟ್ರು ಮರುದಿನ ಮಗನಿಗೆ ಬೈಯಲಿಲ್ಲ. 'ಆ ಪತ್ರ ನಾನೇ ನಾಲ್ಕು ಜನಕ್ಕೆ ತೋರಿಸಿದ್ದೆ ಕಣೋ' ಎಂದರಂತೆ. ಹುಡುಗನೂ ಗ್ರೂಪಿನಿಂದ ಆ ಚಿತ್ರ ಅಳಿಸಲು ನೋಡಿದ. ಬಹಳ ದಿನವಾಗಿದ್ದರಿಂದ ಎಲ್ಲರ ಫೋನಿನಿಂದ ಅದು ಹೋಗಲಿಲ್ಲ.

ಕಳೆದ ಭಾನುವಾರ ಅವನು ಕೆರೆಯ ಮುಂದೆ ನಿಂತ, ನಾವು ಫೋಟೊ ತೆಗೆದೆವು. ಬಂಡೆ ಪೂರ್ತಿ ಬಂತು, ಮುಖದಲ್ಲಿ ನಗೆಯೂ ಇತ್ತು. ಎರಡೇ ನಿಮಿಷದಲ್ಲಿ ತಾಯಿಯ ಉತ್ತರ ಬಂತು: 'ಸಣ್ಣ ಆಗಿದೀಯ. ತಿಂಡಿ ತಿಂದ್ಯಾ?'