ಕಿಕ್‌ಬಾಕ್ಸಿಂಗ್: ಮಗುವನ್ನು ಸೇರಿಸುವ ಮುನ್ನ
ಥಾಯ್ಲೆಂಡಿನ ಮುವಾಯ್ ಥಾಯ್ ಕ್ರೀಡೆಯಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು ನಾಲ್ಕೂ ಆಯುಧ. ನೋಡಲು ಭಯಂಕರವೇ. ಆದರೂ ಅಲ್ಲಿನ ಶಿಬಿರಗಳಲ್ಲಿ ಓಟ, ಪ್ಯಾಡ್‌ಗೆ ಒದೆಯುವುದು, ಹಿಡಿದು ಸೆಣಸುವುದೇ ಹೆಚ್ಚು. ಜೊತೆಗಾರನೊಡನೆ ಕಾದಾಟ ಸಾಮಾನ್ಯವಾಗಿ ಹಗುರ. ಪದೇ ಪದೇ ಸ್ಪರ್ಧೆಗಿಳಿಯುವವರು ಅಭ್ಯಾಸದಲ್ಲೇ ಗಾಯಗೊಂಡರೆ ಹೊಟ್ಟೆಪಾಡೇನು?

ಜಪಾನಿನಲ್ಲಿ ಕರಾಟೆಯೊಡನೆ ಬೆರೆತು, 1970ರ ದಶಕದಲ್ಲಿ ನೆದರ್ಲೆಂಡ್ಸ್ ತಲುಪಿದ ಶೈಲಿ ಬೇರೆ. ಕೈಯ ಸರಣಿ ಹೊಡೆತ, ಕೊನೆಗೆ ತೊಡೆಗೆ ಒದೆತ. ಗ್ಲೌಸ್ ತೊಟ್ಟ ಇಬ್ಬರು ಪರಸ್ಪರರ ಮೇಲೆಯೇ ಅಭ್ಯಾಸ ಮಾಡುತ್ತಾರೆ. ಬಿರುಸಿನ ಕಾದಾಟಕ್ಕೆ ಅದು ಹೆಸರುವಾಸಿ.

ತಲೆಗವಚ ಚರ್ಮ ಸೀಳುವುದನ್ನು ತಡೆದೀತು, ಮೆದುಳಿನ ಅಲುಗಾಟವನ್ನಲ್ಲ. ಆದ್ದರಿಂದ ಶೈಲಿಯ ಹೆಸರಿಗಿಂತ, ತಲೆಗೆ ಪೆಟ್ಟು ಬೀಳುವ ಅಭ್ಯಾಸ ವಾರಕ್ಕೆಷ್ಟು ಎಂದು ಕೇಳಿರಿ. ಪೆಟ್ಟಿನ ನಂತರ ತಲೆನೋವು, ವಾಂತಿ, ಮಂಕು ಕಂಡರೆ ಅಂದಿಗೆ ಆಟ ಮುಗಿಯಿತು. ವೈದ್ಯರು ನೋಡುವ ತನಕ ಮಗು ಮತ್ತೆ ಗ್ಲೌಸ್ ತೊಡಕೂಡದು.