ಒಲೆ ಮತ್ತೆ ಮತ್ತೆ ಆರುವುದೇಕೆ?

ಅಮೆರಿಕದ ಶೀತಪ್ರಾಂತ್ಯಗಳಲ್ಲಿ ಹಲವು ಮನೆಗಳನ್ನು ಬೆಚ್ಚಗಿಡುವುದು ಪೆಲೆಟ್ ಒಲೆ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳು ಇದರ ಗುಣದೋಷಗಳನ್ನು ಅರಿತಿರುವುದು ಒಳಿತು. ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳೇ ಇದರ ಉರುವಲು. ವಿದ್ಯುತ್ತಿನಿಂದ ತಿರುಗುವ ತಿರುಪುದಂಡವು ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಉರಿಬಟ್ಟಲಿಗೆ ತಳ್ಳುತ್ತದೆ. ಫ್ಯಾನು ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುತ್ತದೆ.

ಹೊತ್ತಿದ ಒಲೆ ಪದೇ ಪದೇ ಆರಿದರೆ ನಾವು ಯಂತ್ರವನ್ನು ಶಪಿಸುತ್ತೇವೆ. ಆದರೆ ಅನೇಕ ವೇಳೆ ಅದು ನಮ್ಮ ರಕ್ಷಣೆಯ ಏರ್ಪಾಡೇ ಆಗಿರುತ್ತದೆ. ಬೂದಿಯಿಂದ ಗಾಳಿಯ ದಾರಿ ಕಟ್ಟಿದಾಗ ಒಳಗಿನ ಸೆಳೆತ ಕುಗ್ಗುತ್ತದೆ. ಅದನ್ನರಿಯುವ ಸ್ವಿಚ್ಚು ಉರುವಲನ್ನು ತಡೆಯುತ್ತದೆ. ಈ ಸ್ವಿಚ್ಚನ್ನು ತಪ್ಪಿಸಿ ಒಲೆಯನ್ನು ಉರಿಸುವುದು ಸರ್ವಥಾ ಸಲ್ಲದು. ಹೊರಹೋಗಲಾರದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರ ಪ್ರಾಣವನ್ನೇ ಅದು ತೆಗೆಯಬಲ್ಲದು.

ಆದ್ದರಿಂದ ಮೊದಲು ಒಲೆಯನ್ನು ನಂದಿಸಿ, ಪೂರ್ತಿಯಾಗಿ ತಣಿಯಲು ಬಿಟ್ಟು, ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು. ಉರಿಬಟ್ಟಲಿನ ರಂಧ್ರಗಳಲ್ಲಿ ಗಟ್ಟಿಗೊಂಡ ಕಿಟ್ಟವನ್ನು ಕೆರೆದು ತೆಗೆಯಬೇಕು. ಬೂದಿಯನ್ನು ಮುಚ್ಚಳವುಳ್ಳ ಲೋಹದ ಪಾತ್ರೆಯಲ್ಲಿ ತುಂಬಿ ಮನೆಯ ಹೊರಗಿಡಬೇಕು. ಅದರೊಳಗೆ ಕೆಂಡ ಬಹುಹೊತ್ತು ಅಡಗಿರಬಲ್ಲದು. ಬಾಗಿಲಂಚಿನ ಪಟ್ಟಿ ಸವೆದಿದ್ದರೂ ಸೆಳೆತ ಕುಗ್ಗುತ್ತದೆ. ತೇವ ತಗುಲಿದ ಗುಳಿಗೆಗಳು ಉಬ್ಬಿ ಪುಡಿಯಾಗಿ ತಿರುಪುದಂಡವನ್ನು ಕಟ್ಟಿಬಿಡುತ್ತವೆ. ಚೀಲಗಳನ್ನು ಒಣಗಿದ ಎಡೆಯಲ್ಲಿಡಬೇಕು. ಹೊಗೆಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಶುಚಿಗೊಳಿಸಬೇಕು. ಆ ವಿಷಾನಿಲವನ್ನು ಗುರುತಿಸಿ ಎಚ್ಚರಿಸುವ ಸಾಧನವು ಮಲಗುವ ಕೋಣೆಗಳ ಬಳಿ ಇರಲೇಬೇಕು. ಇಷ್ಟಾದರೂ ಒಲೆ ಆರಿದರೆ ತಜ್ಞರನ್ನು ಕರೆಸೋಣ.

ನಮ್ಮ ತಾಯಂದಿರು ಬೆಳಗಿನಲ್ಲಿ ಮಣ್ಣೊಲೆಯ ಬೂದಿಯನ್ನು ತೆಗೆದ ಮೇಲೆಯೇ ಬೆಂಕಿ ಹೊತ್ತಿಸುತ್ತಿದ್ದರು. ಒಲೆ ಹೊಸದಾದರೂ ಆ ರೂಢಿ ಹಳೆಯದಾಗಲಿಲ್ಲ.